ಕೈ ಎತ್ತಿ ನಿಂತವಳು

"ಬುದ್ಧೀ, ಅಕ್ಷರವಿಲ್ಲದ ವಸ್ತುವನ್ನು ಓದುವುದು ಹೇಗೆ?" ಎಂದು ಶಿಷ್ಯನೊಬ್ಬನು ಗುರುಗಳನ್ನು ಕೇಳಿದನು.

ಶಿಷ್ಯನ ಹೆಸರು ಗುರುಪಾದ. ಮಠದ ಭಂಡಾರವನ್ನು ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂದು ಆರು ತಿಂಗಳಾಗಿತ್ತು. ಭಂಡಾರದಲ್ಲಿ ಓಲೆಗರಿಯ ಕಟ್ಟುಗಳಿದ್ದವು. ಅವುಗಳ ಜೊತೆಗೆ ಭಕ್ತರು ತಲೆಮಾರುಗಳಿಂದ ತಂದೊಪ್ಪಿಸಿದ ದೀಪ, ಕತ್ತಿ, ತೊಟ್ಟಿಲು, ಕೊಳಗ, ಹೆಸರೇ ತಿಳಿಯದ ಎಷ್ಟೋ ಮರದ ಸಾಮಾನುಗಳಿದ್ದವು. ನೋಡಲು ಬಂದವರಿಗೆ ಅವುಗಳ ವಿಷಯ ಹೇಳುವುದೂ ಅವನ ಕೆಲಸವೇ.

"ಓಲೆಯಾದರೆ ಓದಿ ತೋರಿಸಬಹುದು," ಎಂದನು ಗುರುಪಾದ. "ಸಾಮಾನು ಮಾತಾಡುವುದಿಲ್ಲ. ಅದರ ಬಗ್ಗೆ ನಾನು ಏನು ಹೇಳಿದರೂ ಜನ ತಲೆಯಾಡಿಸುತ್ತಾರೆ. ಮೊನ್ನೆ ಒಂದು ದೀಪವನ್ನು ಮದುವೆಯ ದೀಪ ಎಂದೆ. ನಿನ್ನೆ ಅದನ್ನೇ ಸಮಾಧಿಯ ದೀಪ ಎಂದೆ. ಎರಡು ದಿನವೂ ತಲೆಯಾಡಿಸಿದರು. ಆಮೇಲೆ ನನಗೆ ಯಾಕೋ ಹೆದರಿಕೆಯಾಯಿತು."

"ಹೆದರಿಕೆಯಾಗಿದ್ದರೆ ಕುಳಿತುಕೋ," ಎಂದರು ಗುರುಗಳು. ಅವರು ಈ ಕತೆ ಹೇಳಿದರು.

ಒಂದು ಬಯಲುಸೀಮೆಯಲ್ಲಿ ಒಬ್ಬ ದೊರೆ ಇದ್ದನು. ಅವನ ತಾತ ದಂಡಿನಲ್ಲಿ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದವನು. ತಂದೆ ಕೋಟೆಯನ್ನು ಹಿಡಿದವನು. ಹೀಗಾಗಿ ದೊರೆತನ ಹೊಸದು. ದೊರೆಗೆ ಈ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ತನ್ನ ವಂಶ ಹಳೆಯದು ಎಂದು ಯಾರಾದರೂ ಹೇಳಬೇಕು, ಅದಕ್ಕೆ ಗುರುತು ತೋರಿಸಬೇಕು ಎಂದು ಅವನಿಗೆ ಆಸೆ.

ಅವನು ಅರಮನೆಯ ಪಕ್ಕದಲ್ಲಿ ಹಳೆಯ ವಸ್ತುಗಳನ್ನಿಡಲು ಒಂದು ಉದ್ದನೆಯ ಶಾಲೆಯನ್ನು ಕಟ್ಟಿಸಿದನು. ಸೀಮೆಯ ಊರೂರಿಗೆ ಆಳುಗಳನ್ನು ಕಳಿಸಿ, ಹಳೆಯದಾಗಿ ಕೆತ್ತನೆಯಿರುವುದು ಏನು ಕಂಡರೂ ತರಬೇಕೆಂದು ಅಪ್ಪಣೆ ಮಾಡಿದನು. ಬಂದ ವಸ್ತುಗಳನ್ನು ನೋಡಿ ಅವು ಏನೆಂದು ಬರೆದಿಡಲು ಒಬ್ಬ ಪಂಡಿತನನ್ನು ನೇಮಿಸಿದನು.

ಪಂಡಿತನು ಸುಳ್ಳು ಹೇಳುವವನಲ್ಲ. ಕಲ್ಲಿನ ಬರಹ, ತಾಮ್ರದ ಬರಹ, ಓಲೆಯ ಬರಹ ಯಾವುದನ್ನು ಕೊಟ್ಟರೂ ತಡವರಿಸದೆ ಓದುತ್ತಿದ್ದನು. ಗಾಡಿಗಳು ಬಂದು ಶಾಲೆಯ ಮುಂದೆ ನಿಲ್ಲುತ್ತಿದ್ದವು. ಆಳುಗಳು ಸಾಮಾನು ಇಳಿಸುತ್ತಿದ್ದರು. ಪಂಡಿತನು ಚಾಪೆಯ ಮೇಲೆ ಕುಳಿತು ಒಂದೊಂದನ್ನೂ ನೋಡಿ, ಅದು ಏನೆಂದು ಓಲೆಯಲ್ಲಿ ಬರೆದು, ಆ ಓಲೆಯನ್ನು ಅದಕ್ಕೇ ದಾರದಲ್ಲಿ ಕಟ್ಟುತ್ತಿದ್ದನು. ಅವನು ಶಾಲೆಯ ಹೊಸಿಲು ದಾಟಿ ಹೊರಗೆ ಹೋಗಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ಆಳುಗಳು ಒಂದು ಕಂಬವನ್ನು ತಂದರು. ಕಗ್ಗಲಿ ಮರದ ಕಂಬ. ಎರಡಾಳು ಉದ್ದ. ಕೆಳಗಿನಿಂದ ಮೇಲಕ್ಕೆ ಅದರ ಮೇಲೆ ಒಂದರ ಮೇಲೊಂದು ಕೆತ್ತನೆಗಳಿದ್ದವು. ಮೊದಲು ಏಡಿ, ಅದರ ಮೇಲೆ ಮೀನು, ಅದರ ಮೇಲೆ ಆಮೆ, ಆಮೇಲೆ ಕೊಕ್ಕರೆ. ಎಲ್ಲಕ್ಕಿಂತ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಅವಳು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದ್ದಳು. ಅಂಗೈ ನೋಡುವವರ ಕಡೆಗೆ ತೆರೆದಿತ್ತು.

"ಎಲ್ಲಿ ಸಿಕ್ಕಿತು?" ಎಂದು ಪಂಡಿತನು ಕೇಳಿದನು.

"ದೊಡ್ಡಕೆರೆಯ ಊರಲ್ಲಿ ಸ್ವಾಮಿ," ಎಂದರು ಆಳುಗಳು.

ಪಂಡಿತನು ಮತ್ತೇನೂ ಕೇಳಲಿಲ್ಲ. ಕಂಬವನ್ನು ಗೋಡೆಗೆ ಒರಗಿಸಿ ನಿಲ್ಲಿಸಲು ಹೇಳಿದನು. ಒಂದು ದಿನವೆಲ್ಲ ಅದರ ಮುಂದೆ ಕುಳಿತನು. ತಾನು ಓದಿದ ಶಾಸನಗಳನ್ನು ನೆನಪಿಗೆ ತಂದುಕೊಂಡನು. ಹಿಂದೆ ಆ ಸೀಮೆಯನ್ನು ಆಳಿದ ಒಂದು ಮನೆತನಕ್ಕೆ ಮೀನಿನ ಬಾವುಟವಿತ್ತು ಎಂದು ಎಲ್ಲೋ ಓದಿದ್ದನು. ದೊರೆಯ ಕುದುರೆಯ ಜೀನಿನ ಮೇಲೂ ಒಂದು ಮೀನಿನ ಚಿತ್ರವಿತ್ತು. ಸಂಜೆಗೆ ಅವನು ಬರೆದನು: ಇದು ನಮ್ಮ ದೊರೆಗಳ ಪೂರ್ವಿಕರ ಧ್ವಜಸ್ತಂಭ. ಮೇಲಿರುವವಳು ಅವರ ಕುಲದೇವತೆ. ಅಭಯಹಸ್ತದಿಂದ ನಿಂತು, ಈ ನೆಲದಲ್ಲಿ ಇರುವವರು ಹೆದರಬೇಕಾಗಿಲ್ಲ ಎಂದು ಹೇಳುತ್ತಿದ್ದಾಳೆ.

ದೊರೆ ಆ ಓಲೆಯನ್ನು ಮೂರು ಸಲ ಓದಿಸಿಕೊಂಡನು. ಪಂಡಿತನಿಗೆ ಶಾಲು ಹೊದಿಸಿದನು. ಕುಲದೇವತೆ ಅಭಯ ಕೊಟ್ಟಿದ್ದಾಳೆ ಎಂದು ಸೀಮೆಯ ಎಲ್ಲ ಊರುಗಳಲ್ಲಿ ಡಂಗುರ ಹೊಡೆಸಿದನು.

ಆಷಾಢ ಬರುವ ಹೊತ್ತಿಗೆ ಒಬ್ಬ ಹೆಂಗಸು ಶಾಲೆಗೆ ಬಂದಳು. ಅವಳ ಸೊಂಟದಲ್ಲಿ ಎರಡು ವರ್ಷದ ಹೆಣ್ಣುಮಗುವಿತ್ತು. ಕಂಬವನ್ನು ಕಂಡ ಕೂಡಲೇ ಅದರ ಮುಂದೆ ಹೋಗಿ ನಿಂತಳು. ಆಮೇಲೆ ಪಂಡಿತನ ಕಡೆಗೆ ತಿರುಗಿದಳು.

"ಸ್ವಾಮೀ, ನಾನು ದೊಡ್ಡಕೆರೆಯ ನೀರುಗಂಟಿಯ ಹೆಂಡತಿ. ಕೆರೆಯ ನೀರು ನೋಡಿಕೊಳ್ಳೋದು, ತೂಬು ತೆಗೆಯೋದು, ಮುಚ್ಚೋದು ನಮ್ಮ ಯಜಮಾನರ ಕೆಲಸ. ಯುಗಾದಿ ಆದ ಮೇಲೆ ಅವರು ತೀರಿಕೊಂಡರು. ಅವರು ಹೋದ ವಾರದಲ್ಲೇ ನಿಮ್ಮವರು ಈ ಅಮ್ಮನ್ನ ತಂದುಬಿಟ್ಟರು. ಮಳೆ ಹತ್ತಿರ ಬಂತು. ಅವಳನ್ನ ನಮಗೆ ಕೊಡಿ."

"ಇದು ದೊರೆಗಳ ಮನೆತನದ ಕಂಬ ತಾಯಿ. ಕೊಡುವ ಹಾಗಿಲ್ಲ," ಎಂದನು ಪಂಡಿತ. "ನೋಡು, ಕೈ ಎತ್ತಿ ಅಭಯ ಕೊಡುತ್ತಿದ್ದಾಳೆ. ಹೆದರಬೇಡ ಅನ್ನುತ್ತಿದ್ದಾಳೆ."

"ಇಲ್ಲ ಸ್ವಾಮಿ, ಅವಳು ಹಾಗೆ ಅನ್ನೋದಿಲ್ಲ. ನೀರು ಅವಳ ಕಾಲು ಮುಟ್ಟಿದರೆ..."

ಅಷ್ಟರಲ್ಲಿ ಹೊರಗೆ ಕಹಳೆ ಕೇಳಿಸಿತು. ದೊರೆ ಅತಿಥಿಗಳನ್ನು ಕರೆದುಕೊಂಡು ಶಾಲೆಯನ್ನು ತೋರಿಸಲು ಬರುತ್ತಿದ್ದನು. ಪಂಡಿತನು ಅವಸರದಿಂದ ಎದ್ದನು.

"ಆಗಲಿ, ತಿಳಿಯಿತು. ಕಾಲಿಗೆ ನೀರು ಹಾಕಿ ಪೂಜೆ ಮಾಡುವ ಪದ್ಧತಿ ನಿಮ್ಮದು. ಇಲ್ಲಿಯೂ ದಿನಾ ಕಾಲಿಗೆ ನೀರು ಹಾಕಿಸುತ್ತೇನೆ. ನೀನು ನಿಶ್ಚಿಂತೆಯಾಗಿ ಹೋಗು."

ಹೆಂಗಸು ಬಾಯಿ ತೆರೆದಳು. ಬಾಗಿಲಲ್ಲಿ ಭರ್ಜಿ ಹಿಡಿದವರು ಕಾಣಿಸಿದರು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು. ಪಂಡಿತನು ಹೇಳಿದಂತೆ ನಡೆದುಕೊಂಡನು. ಅಂದಿನಿಂದ ಒಬ್ಬ ಆಳು ಏಣಿ ಹತ್ತಿ ಆ ಮರದ ಕಾಲುಗಳಿಗೆ ದಿನವೂ ಒಂದು ಚೊಂಬು ನೀರು ಹಾಕುತ್ತಿದ್ದನು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಆ ಸೀಮೆಯಲ್ಲಿ ಅಂಥ ಮಳೆಯನ್ನು ಹರೆಯದವರು ಕಂಡಿರಲಿಲ್ಲ. ಐದು ದಿನ ಬಿಡದೆ ಸುರಿಯಿತು. ಶಾಲೆಯ ಹೊಸ ಗೋಡೆ ನೀರು ಕುಡಿದು ಉಬ್ಬಿತು. ಐದನೆಯ ದಿನ ಮಧ್ಯಾಹ್ನ ಪಂಡಿತನು ಆಳುಗಳನ್ನು ಕರೆದು, ಸಾಮಾನುಗಳನ್ನೆಲ್ಲ ಗೋಡೆಯಿಂದ ದೂರ ಸರಿಸಿ ನಡುಮನೆಯಲ್ಲಿಡಲು ಹೇಳಿದನು. ನಾಲ್ವರು ಕಂಬವನ್ನು ಎತ್ತಿ ತಂದು ನಡುವಿನ ಕಲ್ಲುಕಂಬಕ್ಕೆ ಒರಗಿಸಿದರು. ಒರಗಿಸುವಾಗ ಅದು ತಿರುಗಿತು.

ಪಂಡಿತನು ಮೊದಲ ಸಲ ಆ ಕಂಬದ ಹಿಂಬದಿಯನ್ನು ನೋಡಿದನು.

ಏಡಿ, ಮೀನು, ಆಮೆ, ಕೊಕ್ಕರೆಗಳ ಹಿಂದೆ ಏನೂ ಇರಲಿಲ್ಲ. ಮೇಲೆ ಮಾತ್ರ ಅದೇ ಹೆಂಗಸನ್ನು ಇನ್ನೊಂದು ಸಲ ಕೆತ್ತಿದ್ದರು. ಹಿಂಬದಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ತಲೆಯ ಮೇಲೆ ಗಂಟಿತ್ತು. ಸೊಂಟದಲ್ಲಿ ಮಗುವಿತ್ತು. ಒಂದು ಹೆಜ್ಜೆ ಮುಂದಿಟ್ಟಿದ್ದಳು. ಅವಳು ಹೋಗುತ್ತಿದ್ದಳು.

ಪಂಡಿತನು ಹತ್ತಿರ ಹೋದನು. ಕಂಬದ ಬುಡದ ಒಂದೂವರೆ ಮೊಳ ಕಪ್ಪಾಗಿ, ಮಣ್ಣು ಹಿಡಿದಿತ್ತು. ಅದು ನೆಲದೊಳಗೆ ಹೂತಿದ್ದ ಭಾಗ. ಅಲ್ಲಿಂದ ಆಮೆಯವರೆಗೆ ಮರ ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಸಂದುಗಳಲ್ಲಿ ನೀರುಹುಳುವಿನ ಬಿಳಿಯ ಚಿಪ್ಪುಗಳು ಅಂಟಿಕೊಂಡಿದ್ದವು. ಕೊಕ್ಕರೆಯ ಹತ್ತಿರ ಬೂದು ಬಣ್ಣ ತೆಳುವಾಗಿತ್ತು. ಹೆಂಗಸಿನ ಪಾದದ ಬಳಿ, ಕಂಬದ ಸುತ್ತಲೂ, ಕೂದಲೆಳೆಯಷ್ಟು ಸಣ್ಣದಾದ ಒಂದು ಕೆಂಪು ಗೆರೆಯಿತ್ತು. ದಿನವೂ ಸುರಿದ ಚೊಂಬು ನೀರಿಗೆ ಅದು ಅರ್ಧ ಅಳಿಸಿಹೋಗಿತ್ತು. ಪಂಡಿತನು ಏಣಿ ಹತ್ತಿ ಅದನ್ನು ಬೆರಳಿನಿಂದ ಮುಟ್ಟಿದನು. ಅದು ಬಣ್ಣವಲ್ಲ. ಕೆರೆಯ ಕೆನೆಮಣ್ಣು. ನೀರು ಒಂದೇ ಒಂದು ಸಲ ಅಲ್ಲಿಯವರೆಗೆ ಬಂದಿತ್ತು.

ಈ ಕಂಬ ನಿಂತಿದ್ದು ಕೆರೆಯ ಒಳಗೆ ಎಂದು ಅವನಿಗೆ ಆಗ ತಿಳಿಯಿತು. ನೀರು ಏಡಿಗೆ ಬಂದರೆ ಇಷ್ಟು, ಮೀನಿಗೆ ಬಂದರೆ ಇಷ್ಟು ಎಂದು ನೀರುಗಂಟಿಗೆ ತಿಳಿಯಲು ನಿಲ್ಲಿಸಿದ ಗುರುತು ಅದು. ಅಭಯ ಕೊಡುವುದಕ್ಕಾಗಿ ಆ ಹೆಂಗಸು ಕೈ ಎತ್ತಿರಲಿಲ್ಲ. ನಿಲ್ಲಿ, ಇಲ್ಲಿರಬೇಡಿ, ಏಳಿ ಎಂದು ಎತ್ತಿದ್ದಳು. ನೀರು ಅವಳ ಕಾಲು ಮುಟ್ಟಿದರೆ ಮಗುವನ್ನು ಎತ್ತಿಕೊಂಡು ಊರು ಬಿಡಬೇಕು. ನೀರುಗಂಟಿಯ ಹೆಂಡತಿ ಅಂದು ಹೇಳಲು ಬಂದ ಮಾತು ಅದೇ.

ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಪಂಡಿತನು ಆಗ ಏನು ಮಾಡಿದನು ಗೊತ್ತೇ?" ಎಂದು ಗುರುಗಳು ಗುರುಪಾದನನ್ನು ಕೇಳಿದರು.

"ಊರಿಗೆ ಓಡಿರಬೇಕು."

"ಇಲ್ಲ. ಆಳುಗಳನ್ನು ಕರೆದು ಕಂಬವನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಲು ಹೇಳಿದನು."

ಅವನಿಗೆ ದೊರೆಯ ಹೆದರಿಕೆ ಹಿಡಿಯಿತು. ತಾನು ಬರೆದದ್ದು ತಪ್ಪೆಂದು ಹೇಳಿದರೆ ದೊರೆಯ ವಂಶವೇ ಹೋಯಿತು. ಡಂಗುರ ಹೊಡೆಸಿದ ಮಾತನ್ನು ದೊರೆ ಹಿಂದಕ್ಕೆ ತೆಗೆದುಕೊಳ್ಳುವನೇ? ತನ್ನ ನಾಲಿಗೆ ಕತ್ತರಿಸಬಹುದು. ಕೋಟೆಯ ಮೇಲಿನಿಂದ ಕೆಳಕ್ಕೆ ನೂಕಿಸಬಹುದು. ಅಥವಾ ಎಲ್ಲರ ಮುಂದೆ ನಕ್ಕು ಕಳಿಸಿಬಿಡಬಹುದು. ಮೂರರಲ್ಲಿ ಯಾವುದನ್ನು ನೆನೆದರೆ ಹೆಚ್ಚು ಹೆದರಿಕೆಯಾಗುತ್ತದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಮಳೆ ಇಂದೇ ನಿಂತರೂ ನಿಲ್ಲಬಹುದು ಎಂದುಕೊಂಡನು. ಊರವರಿಗೆ ಕಣ್ಣಿಲ್ಲವೇ, ಕೆರೆ ತುಂಬಿದರೆ ಅವರಿಗೇ ಕಾಣುವುದಿಲ್ಲವೇ ಎಂದುಕೊಂಡನು. ಅಂದು ಅವನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಬಿಸಿಲು ಬಂದಿತ್ತು. ಪಂಡಿತನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅವನು ಶಾಲೆಯ ಬಾಗಿಲು ತೆರೆದನು. ಅರಮನೆಯ ಅಡುಗೆಯವನೊಬ್ಬನು ಹಾದುಹೋಗುತ್ತಾ ಹೇಳಿದನು:

"ಸ್ವಾಮೀ, ದೊಡ್ಡಕೆರೆ ತುಂಬಿತಂತೆ. ಇಪ್ಪತ್ತು ವರ್ಷದ ಮೇಲೆ ತುಂಬಿರುವುದಂತೆ. ಇವತ್ತು ಊರ ಹೆಂಗಸರೆಲ್ಲ ಏರಿಯ ಮೇಲೆ ಸೇರಿ ಬಾಗಿನ ಕೊಡುತ್ತಾರಂತೆ."

ಪಂಡಿತನು ಏಣಿಯನ್ನು ಎಳೆದು ತಂದನು. ಒಂದು ಹಗ್ಗ ತೆಗೆದುಕೊಂಡನು. ಕಂಬದ ಹೂತ ಭಾಗ ಮುಗಿಯುವ ಕಡೆಯಿಂದ ಹೆಂಗಸಿನ ಪಾದದವರೆಗೆ ಅಳೆದು ಕತ್ತರಿಸಿದನು. ಅದರ ಒಂದು ತುದಿಗೆ ಕಲ್ಲು ಕಟ್ಟಿದನು. ದೊರೆಗೆ ಹೇಳದೆ, ಯಾರಿಗೂ ಹೇಳದೆ, ಲಾಯದಿಂದ ಒಂದು ಕುದುರೆ ಹಿಡಿದುಕೊಂಡು ಹೊರಟನು. ಅವನಿಗೆ ಕುದುರೆ ಸವಾರಿ ಸರಿಯಾಗಿ ಬರುತ್ತಿರಲಿಲ್ಲ. ದಾರಿಯಲ್ಲಿ ಎರಡು ಸಲ ಬಿದ್ದನು. ಹಳ್ಳಗಳೆಲ್ಲ ತುಂಬಿ ಹರಿಯುತ್ತಿದ್ದವು. ಹಳ್ಳಗಳೆಲ್ಲ ಅವನು ಹೋಗುತ್ತಿದ್ದ ದಿಕ್ಕಿಗೇ ಹರಿಯುತ್ತಿದ್ದವು. ಮಳೆ ನಿಂತರೂ ನೀರು ನಿಂತಿಲ್ಲ ಎಂದು ಅವನು ಆಗ ಕಂಡನು.

ನಡುಹಗಲಿಗೆ ಅವನು ಕೆರೆಯನ್ನು ಮುಟ್ಟಿದನು. ಏರಿಯ ಉದ್ದಕ್ಕೂ ಜನ ಸೇರಿದ್ದರು. ಹೆಂಗಸರು ಹೊಸ ಸೀರೆ ಉಟ್ಟು, ಮೊರಗಳಲ್ಲಿ ಬಾಗಿನ ಜೋಡಿಸಿಕೊಂಡು ನಿಂತಿದ್ದರು. ಒಂದು ಕಡೆ ನೀರು ಬಾನಿನ ಹಾಗೆ ಹರಡಿತ್ತು. ಇನ್ನೊಂದು ಕಡೆ, ಏರಿಯ ಕೆಳಗೆ, ನೂರಿಪ್ಪತ್ತು ಮನೆಯ ಊರಿತ್ತು. ಕುದುರೆಯ ಮೇಲಿನಿಂದ ನೋಡಿದ ಪಂಡಿತನಿಗೆ ಮನೆಗಳ ಮಾಳಿಗೆಗಳು ಕೆರೆಯ ನೀರಿಗಿಂತ ಕೆಳಗಿರುವುದು ಕಾಣಿಸಿತು.

ಅವನು ಇಳಿದು ಊರಗೌಡನ ಮುಂದೆ ಹೋಗಿ ನಿಂತನು.

"ಗೌಡರೇ, ಜನರನ್ನು ಇಲ್ಲಿಂದ ಎಬ್ಬಿಸಿ. ಏರಿ ಒಡೆಯುತ್ತದೆ."

ಗೌಡನು ಮುದುಕ. ಒಳ್ಳೆಯವನು. ನೀರಿನ ಲೆಕ್ಕವನ್ನು ಎಂದೂ ನೀರುಗಂಟಿಗೇ ಬಿಟ್ಟವನು. ಅವನು ನೀರಿನ ಕಡೆಗೆ ಕೈ ತೋರಿಸಿ ನಕ್ಕನು. "ನೋಡಿ ಸ್ವಾಮಿ, ಏರಿಯ ತುದಿಗೆ ಇನ್ನೂ ಒಂದಾಳು ಜಾಗ ಐತೆ. ಹೊಸ ನೀರುಗಂಟಿ ಹುಷಾರಿನವನು. ಹೆಚ್ಚಿನ ನೀರು ಹೊರಗೆ ಬೀಳೋ ಕೋಡಿಗೆ ಅಡ್ಡ ಕಲ್ಲು ಇಟ್ಟು ಮಣ್ಣು ಮೆತ್ತಿ, ಒಂದು ಹನಿ ಹೋಗದ ಹಾಗೆ ಹಿಡಿದವನೆ. ಎರಡು ಬೆಳೆಗೆ ಸಾಕು."

"ಏರಿಯನ್ನು ನೋಡಬೇಡಿ. ಕಂಬದ ಲೆಕ್ಕದಲ್ಲಿ ನೀರು ಮೇಲೆ ಬಂದಿದೆ. ಆ ಅಮ್ಮ ಎದ್ದು ಹೋಗಿ ಅನ್ನುತ್ತಿದ್ದಾಳೆ."

"ಯಾವ ಅಮ್ಮ ಸ್ವಾಮಿ? ಅರಮನೆಯಲ್ಲಿರೋ ಅಮ್ಮನೇ?" ಗೌಡನು ಪಕ್ಕದವರನ್ನು ನೋಡಿದನು. "ಹೆದರಬೇಡಿ ಅಂತ ಅವಳು ಅಭಯ ಕೊಟ್ಟವಳೆ ಅಂತ ಡಂಗುರ ಹೊಡೆದರಲ್ಲ. ಓದಿದವರು ನೋಡಿ ಬರೆದದ್ದಂತೆ."

"ಅದನ್ನು ಬರೆದವನು ನಾನೇ."

"ಹಾಗಾದರೆ ನೀವು ಯಾಕೆ ಸ್ವಾಮಿ ಹೆದರುತ್ತೀರಿ?" ಎಂದನು ಗೌಡ. ಸುತ್ತಲಿನವರು ನಕ್ಕರು. ನಗುವಿನಲ್ಲಿ ಕೆಡುಕಿರಲಿಲ್ಲ.

 ತನ್ನ ಮಾತನ್ನು ತಾನೇ ಗೆಲ್ಲಲಾರದೆ ಪಂಡಿತನು ನಿಂತಿದ್ದನು. ಆಗ ಗುಂಪಿನ ಹಿಂದಿನಿಂದ ನೀರುಗಂಟಿಯ ಹೆಂಡತಿ ಮುಂದೆ ಬಂದಳು. ವಿಧವೆಯಾದ್ದರಿಂದ ಅವಳು ಬಾಗಿನದವರ ಜೊತೆಗೆ ನಿಂತಿರಲಿಲ್ಲ. ಮಗು ಸೊಂಟದಲ್ಲೇ ಇತ್ತು. ಅವಳು ಅವನ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು.

"ಅವಳ ಕಾಲಿನ ತನಕ ಅಳೆದಿದ್ದೀರಾ?" ಎಂದು ಕೇಳಿದಳು.

"ಹೌದು."

"ಬನ್ನಿ."

ಅವಳು ಮಗುವನ್ನು ಒಬ್ಬಳ ಕೈಗೆ ಕೊಟ್ಟು ತೂಬಿನ ಮೆಟ್ಟಿಲುಗಳನ್ನು ಇಳಿದಳು. ಸೊಂಟದವರೆಗೆ ನೀರಿಗೆ ಹೋಗಿ, ಎಡಗಡೆಗೆ ಕೈ ತೋರಿಸಿ, "ಇಲ್ಲಿ ನಿಂತಿದ್ದಳು," ಎಂದಳು. ಪಂಡಿತನು ಪಕ್ಕದಲ್ಲಿ ನಿಂತು ಕಲ್ಲನ್ನು ಇಳಿಬಿಟ್ಟನು. ಹಗ್ಗ ಇಳಿಯಿತು. ಏಡಿ ಇಲ್ಲಿ, ಮೀನು ಇಲ್ಲಿ, ಆಮೆ ಇಲ್ಲಿ ಎಂದು ಅವನ ಮನಸ್ಸು ಎಣಿಸುತ್ತಿತ್ತು. ಹಗ್ಗ ಮುಗಿಯಿತು. ಕಲ್ಲು ಇನ್ನೂ ನೆಲವನ್ನು ಮುಟ್ಟಿರಲಿಲ್ಲ. ಅವನು ಹಗ್ಗದ ತುದಿ ಹಿಡಿದು ಕೈಯನ್ನು ನೀರಿಗೆ ಇಳಿಸಿದನು. ಮಣಿಕಟ್ಟು ಮುಳುಗಿತು. ಮುಂಗೈ ಮುಳುಗಿತು. ಮೊಣಕೈ ಮುಳುಗಿದ ಮೇಲೆ ಕಲ್ಲು ನೆಲಕ್ಕೆ ತಾಗಿತು.

ನೀರು ಅವಳ ಪಾದವನ್ನು ದಾಟಿ ಒಂದು ಮೊಳ ಮೇಲೆ ಬಂದಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. 

"ಏರಿ ಒಂದು ಸಲ ಒಡೆದಿತ್ತಂತೆ," ಎಂದಳು ಅವಳು ಮೆಲ್ಲನೆ. "ನಮ್ಮತ್ತೆ ಹೇಳೋರು. ಒಡೆದ ಕಡೆ ಹೊಸ ಮಣ್ಣು ತುಂಬಿ ಮೇಲಕ್ಕೆ ಎತ್ತರಿಸಿದರಂತೆ. ಆ ಮಣ್ಣು ಈ ಮಣ್ಣನ್ನ ಹಿಡಿದುಕೊಳ್ಳಲಿಲ್ಲ. ಅದಕ್ಕೇ ಈ ಅಮ್ಮನ್ನ ನಿಲ್ಲಿಸಿದ್ದಂತೆ. ಮೇಲೆ ಎಷ್ಟು ಎತ್ತರ ಕಂಡರೂ ನಂಬಬಾರದು ಅಂತ."

ಅವರು ಏರಿ ಹತ್ತಿ ಇನ್ನೊಂದು ಬದಿಗೆ ಹೋಗಿ ನೋಡಿದರು. ಊರಿನ ಕಡೆಯ ಇಳಿಜಾರಿನಲ್ಲಿ ಒಂದು ಕಡೆ ಹುಲ್ಲು ಒದ್ದೆಯಾಗಿತ್ತು. ಅಲ್ಲಿಂದ ಹೆಬ್ಬೆರಳು ಗಾತ್ರದ ನೀರು ಬರುತ್ತಿತ್ತು. ಆ ನೀರು ತಿಳಿಯಾಗಿರಲಿಲ್ಲ. ಒಳಗಿನ ಮಣ್ಣನ್ನು ಕರಗಿಸಿಕೊಂಡು ಕೆಂಪಾಗಿ ಬರುತ್ತಿತ್ತು.

ನೀರುಗಂಟಿಯ ಹೆಂಡತಿ ಕೂಗಲಿಲ್ಲ. ಮಗುವನ್ನು ತೆಗೆದುಕೊಂಡು ಮನೆಗೆ ಹೋದಳು. ಗಂಟು ಕಟ್ಟಿದಳು. ಗಂಟನ್ನು ತಲೆಯ ಮೇಲಿಟ್ಟು, ಮಗುವನ್ನು ಸೊಂಟಕ್ಕೆ ಏರಿಸಿ, ಊರಿನ ದೊಡ್ಡಬೀದಿಯಲ್ಲಿ ಎಲ್ಲರ ಕಣ್ಣೆದುರಿಗೆ ಗುಡ್ಡದ ಕಡೆಗೆ ನಡೆಯತೊಡಗಿದಳು. ಜಗಲಿಯ ಮೇಲಿದ್ದ ಒಬ್ಬ ಮುದುಕಿ ಅವಳನ್ನು ನೋಡಿದಳು. ಆ ಮುದುಕಿ ಕಂಬವನ್ನು ಎಳೆತನದಿಂದ ಎರಡು ಕಡೆಯಿಂದಲೂ ಕಂಡವಳು. ಮುದುಕಿ ಕೋಲು ಹುಡುಕಲಿಲ್ಲ. ಗೋಡೆ ಹಿಡಿದು ಎದ್ದು, "ಅಯ್ಯೋ, ಬಂತು ಕಣ್ರೇ, ನೀರು ಬಂತು," ಎಂದು ಕಿರುಚಿದಳು.

ಆ ಕಿರುಚು ಏರಿಯ ಮೇಲಿನವರೆಗೆ ಕೇಳಿಸಿತು. ಮೊದಲು ಒಬ್ಬಳು ಬಾಗಿನದ ಮೊರವನ್ನು ಕೆಳಗಿಟ್ಟು ಓಡಿದಳು. ಆಮೇಲೆ ಹತ್ತು ಜನ. ಆಮೇಲೆ ಎಣಿಸಲಾಗಲಿಲ್ಲ. ಮಕ್ಕಳನ್ನು ಕೂಗುವ ಸದ್ದು, ದನದ ಹಗ್ಗ ಬಿಚ್ಚುವ ಸದ್ದು, ಬಾಗಿಲುಗಳ ಸದ್ದು ಊರು ತುಂಬಿತು. ಗೌಡನು ಇಳಿಜಾರಿನ ಕೆಂಪು ನೀರನ್ನು ಕಂಡನು.  ಕೈಗೆ ಸಿಕ್ಕ ಗಂಡಸರನ್ನು ಕರೆದುಕೊಂಡು ಕೋಡಿಯ ಕಲ್ಲುಗಳನ್ನು ಕೀಳಲು ಓಡಿದನು. ಪಂಡಿತನೂ ಓಡಿದನು. ಹೊಸ ನೀರುಗಂಟಿ ತೂಬು ತೆರೆಯಲು ಏರಿಯ ಬುಡಕ್ಕೆ ಇಳಿದನು.

ಎಲ್ಲರೂ ಹೋಗಲಿಲ್ಲ. ಕೆಲವರು ಮನೆಯ ಮುಂದೆಯೇ ನಿಂತಿದ್ದರು. ಒಬ್ಬನು ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅಭಯ ಕೊಟ್ಟವಳೆ ಅಂತ ಬರೆದದ್ದು ಸುಳ್ಳಾಗುತ್ತದೆಯೇ?" ಎನ್ನುತ್ತಿದ್ದನು. ಪಂಡಿತನು ಓಡುವಾಗ ಆ ಮಾತು ಅವನ ಕಿವಿಗೆ ಬಿತ್ತು.

ಪಂಡಿತನ ಕೈಗಳಿಗೆ ಓಲೆಯ ಅಭ್ಯಾಸ ಮಾತ್ರ ಇತ್ತು. ಕೋಡಿಯ ಕಲ್ಲು ಕೀಳುವಾಗ ಉಗುರುಗಳು ಕಿತ್ತುಬಂದವು. ನಾಲ್ಕು ಕಲ್ಲು ಬಂದವು. ನೀರು ಹೊರಗೆ ಧುಮುಕತೊಡಗಿತು. ಐದನೆಯ ಕಲ್ಲಿಗೆ ಕೈ ಹಾಕುವಾಗ ಕಾಲ ಕೆಳಗೆ ನೆಲ ಅಲುಗಿತು. ಅವನು ತಿರುಗಿ ನೋಡಿದನು. ಏರಿಯ ನಡುವೆ, ಹಳೆಯ ಮಣ್ಣು ಮತ್ತು ಹೊಸ ಮಣ್ಣು ಸೇರುವಲ್ಲಿ, ಒಂದು ಬಾಗಿಲಿನಷ್ಟು ಜಾಗ ಸದ್ದಿಲ್ಲದೆ ಕೆಳಗೆ ಜಾರಿತು. ಸದ್ದು ಆಮೇಲೆ ಬಂತು.

ಇನ್ನೊಂದು ಗಳಿಗೆಗೆ ಊರು ಇದ್ದ ಕಡೆ ನೀರಿತ್ತು.

ಗುಡ್ಡದ ಮೇಲೆ ಸಂಜೆ ತಲೆ ಎಣಿಸಿದರು. ಒಂಬತ್ತು ಜನ ಇರಲಿಲ್ಲ. ಅವರಲ್ಲಿ ಹೊಸ ನೀರುಗಂಟಿ ಒಬ್ಬನು. ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಒಬ್ಬನು. ಅವನ ಮಾತು ಕೇಳಿ ಅವನ ಜೊತೆಗೇ ಕುಳಿತ ಅವನ ಹೆಂಡತಿ ಮತ್ತು ತಾಯಿ. ಉಳಿದವರ ಹೆಸರುಗಳನ್ನು ಗೌಡನು ಒಂದೊಂದಾಗಿ ಕೂಗಿದನು. ಪ್ರತಿ ಹೆಸರು ಕೂಗಿದ ಮೇಲೆ ಸ್ವಲ್ಪ ಹೊತ್ತು ಕಾದನು.

ದೊರೆ ಮೂರನೆಯ ದಿನ ಬಂದನು. ಕೆಸರನ್ನು ನೋಡಿದನು. ಹಿಂದಕ್ಕೆ ಹೋದನು. ಅವನು ಪಂಡಿತನ ನಾಲಿಗೆ ಕತ್ತರಿಸಲಿಲ್ಲ. ಕೋಟೆಯ ಮೇಲಿನಿಂದ ನೂಕಿಸಲಿಲ್ಲ. ನಗಲೂ ಇಲ್ಲ. ಏರಿ ಕಟ್ಟಲು ಜನ ಕಳಿಸಿದನು, ಕಂಬವನ್ನು ಹಿಂದಕ್ಕೆ ಕಳಿಸಿದನು. ಪಂಡಿತನು ಆ ಒಂದು ದಿನ ಯಾವುದಕ್ಕೆ ಹೆದರಿದ್ದನೋ ಅದರಲ್ಲಿ ಒಂದೂ ನಡೆಯಲಿಲ್ಲ.

ಹೊಸ ಏರಿ ಎದ್ದ ಮೇಲೆ ಕಂಬವನ್ನು ನಿಲ್ಲಿಸುವ ದಿನ ಪಂಡಿತನು ಹೋದನು. ನೀರುಗಂಟಿಯ ಹೆಂಡತಿಗೆ ಊರವರು ಕೆರೆಯ ಕೆಲಸವನ್ನು ವಹಿಸಿದ್ದರು. ಅವಳ ಹೆಸರು ಸಣ್ಣೀರಮ್ಮ ಎಂದು ಅವನು ಆಗ ತಿಳಿದುಕೊಂಡನು. ಕಂಬದ ಹೆಂಗಸಿನ ಮುಖ ಯಾವ ಕಡೆಗಿರಬೇಕು ಎಂದು ಕೇಳಿದನು. "ಊರಿನ ಕಡೆಗೆ," ಎಂದಳು ಸಣ್ಣೀರಮ್ಮ. ಬುಡಕ್ಕೆ ಕಲ್ಲು ಬಡಿದು ಬಿಗಿ ಮಾಡಿದ ಮೇಲೆ ಪಂಡಿತನು ಅವಳಿಗೆ ಹೇಳಿದನು:

"ನಾನು ಇದರ ಹಿಂಬದಿಯನ್ನು ನೋಡಿದ್ದು ಏರಿ ಒಡೆದ ಹಿಂದಿನ ದಿನ ಮಧ್ಯಾಹ್ನ."

ಸಣ್ಣೀರಮ್ಮ ಕೈ ತೊಳೆಯುತ್ತಿದ್ದಳು. ತೊಳೆಯುವುದನ್ನು ನಿಲ್ಲಿಸಿದಳು.

"ಹಾಗಾದರೆ ಹಿಂದಿನ ದಿನವೇ ಬರಬಹುದಿತ್ತು."

"ಬರಬಹುದಿತ್ತು."

ಅವಳು ಕೈ ತೊಳೆದು ಮುಗಿಸಿದಳು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಮಗುವಿನ ಕೈ ಹಿಡಿದುಕೊಂಡು ಏರಿಯನ್ನು ಹತ್ತಿ ಹೋದಳು.

ಪಂಡಿತನು ಶಾಲೆಯ ಕೆಲಸವನ್ನು ಬಿಡಲಿಲ್ಲ. ದೊರೆ ಬಿಡು ಎನ್ನಲೂ ಇಲ್ಲ. ಆದರೆ ಅವನು ತಾನು ಕಟ್ಟಿದ ಓಲೆಗಳನ್ನೆಲ್ಲ ಬಿಚ್ಚಿದನು. ಒಂದೊಂದು ವಸ್ತುವನ್ನೂ ತಿರುಗಿಸಿ ನೋಡಿದನು, ತಲೆಕೆಳಗೆ ಮಾಡಿ ನೋಡಿದನು, ಸವೆದ ಕಡೆಗಳನ್ನು ಕಣ್ಣು ಮುಚ್ಚಿ ಬೆರಳಿನಿಂದ ಸವರಿದನು. ಸಣ್ಣ ಮರದ ಸೌಟನ್ನು ಕೈಗೆತ್ತಿಕೊಂಡರೂ ಅವನ ಕೈ ನಡುಗುತ್ತಿತ್ತು. ನೋಡಿದವರು ಅವನಿಗೆ ಮುಪ್ಪಿನಿಂದ ನಡುಕ ಬಂದಿದೆ ಎಂದುಕೊಂಡರು. ಅವನಿಗೆ ಆಗ ನಲವತ್ತೆರಡು ವರ್ಷ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

 ಗುರುಪಾದನು ತನಗೆ ತಿಳಿಯಿತು ಎಂಬಂತೆ ತಲೆ ಎತ್ತಿದನು.

"ಬುದ್ಧೀ, ಪಂಡಿತನು ಮೊದಲ ದಿನವೇ ಕಂಬವನ್ನು ತಿರುಗಿಸಿ ನೋಡಿದ್ದರೆ ಸಾಕಿತ್ತು. ಆಗ ಅವನು ಅದನ್ನು ಪೂರ್ತಿಯಾಗಿ ನೋಡಿದಂತಾಗುತ್ತಿತ್ತು. ಅಲ್ಲವೇ?"

"ತಿರುಗಿಸಿದ್ದರೆ ಕಂಬ ಕಾಣುತ್ತಿತ್ತು. ಅದನ್ನು ಕಿತ್ತಾಗ ಕೆರೆಯೊಳಗೆ ಉಳಿದ ಕುಳಿಯನ್ನು ನೋಡಿದವರು ಯಾರು?" ಎಂದರು ಗುರುಗಳು.